ಯಾರೂ ಒತ್ತದ ಗುಂಡಿ

ನಿಂತ ಯಂತ್ರಕ್ಕೆ ನಾನು ಬೆನ್ನು ಕೊಟ್ಟು ನಿಲ್ಲುವುದಿಲ್ಲ. ಓಡುವ ಯಂತ್ರದ ಭಯ ನನಗಿಲ್ಲ. ಅದು ಏನು ಮಾಡುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ನಿಂತದ್ದು ಏನನ್ನು ಕಾಯುತ್ತಿದೆ ಎಂದು ಹೇಳಲು ಬಾರದು. ಮನೆಯ ಟೇಬಲ್ ಫ್ಯಾನಿನ ಎದುರೂ ಓರೆಯಾಗಿಯೇ ಕೂಡುತ್ತೇನೆ. ಹೆಂಡತಿ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಾಳೆ. ನಗಲಿ. ಆಕೆ ಹುಬ್ಬಳ್ಳಿಯ ಆ ಹತ್ತಿ ಗಿರಣಿಯ ಖಂಡೇಪೂಜೆ ನೋಡಿದವಳಲ್ಲ.

ಅರವತ್ತರ ದಶಕದ ಮಾತು. ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದಿ ಹೊರಬಿದ್ದ ನನಗೆ ಆ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿಯವರೆಗೆ ಕೆಲಸಗಾರರು ಹಿಡಿಕೆ ಎಳೆದು ಯಂತ್ರ ನಡೆಸುತ್ತಿದ್ದರು. ಈಗ ಅದನ್ನು ರಿಲೇಗಳು ತುಂಬಿದ ಕಬ್ಬಿಣದ ಪೆಟ್ಟಿಗೆಗೆ ಒಪ್ಪಿಸಬೇಕಿತ್ತು. ರಿಲೇ ಎಂದರೆ ದೊಡ್ಡ ಸಂಗತಿಯೇನಲ್ಲ. ಸುರುಳಿಗೆ ಕರೆಂಟು ಬಂದರೆ ಕಬ್ಬಿಣದ ಪಟ್ಟಿಯೊಂದು ಟಕ್ಕೆಂದು ಒಳಗೆ ಸರಿಯುತ್ತದೆ, ಕರೆಂಟು ಹೋದರೆ ಬಿಟ್ಟುಕೊಳ್ಳುತ್ತದೆ. ಅಂಥವನ್ನು ಸಾಲಾಗಿ ಕೂರಿಸಿ, ಇದು ಆದ ಮೇಲೆ ಅದು, ಅದು ಆಗದಿದ್ದರೆ ಯಾವುದೂ ಬೇಡ ಎಂದು ತಂತಿಯಲ್ಲಿ ಹೇಳಿಡುವುದೇ ನಾನು ಕಲಿಯುತ್ತಿದ್ದ ವಿದ್ಯೆ. ಅದರಲ್ಲಿ ಸುಖವಿದೆ, ಸ್ವಲ್ಪ ಅಂಜಿಕೆಯೂ ಇದೆ. ನಾನು ಕೋಣೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿರುವಾಗ ನನ್ನ ಮಾತು ಗಿರಣಿಯಲ್ಲಿ ನಡೆಯುತ್ತಿರುತ್ತದೆ. ನಾನು ಅಲ್ಲಿಲ್ಲ, ಆದರೂ ಇದ್ದೇನೆ. ದೆವ್ವದ ಲಕ್ಷಣವನ್ನೂ ನಮ್ಮ ಮನೆಯ ಹಿರಿಯರು ಹೀಗೇ ಹೇಳುತ್ತಿದ್ದರು.

ಪೆಟ್ಟಿಗೆಯ ಪಕ್ಕ ಹಾಯುವಾಗ ಕೆಲಸಗಾರರು ದನಿ ತಗ್ಗಿಸುತ್ತಿದ್ದರು. ಟಕ್ ಟಕ್ ಎಂದು ತನ್ನಷ್ಟಕ್ಕೆ ಮಾತಾಡುವ ಇದರಲ್ಲಿ ಏನೋ ಇದೆ ಎಂಬುದು ಅವರಿಗೆ ಖಾತ್ರಿಯಾಗಿತ್ತು. ಹಾಗಾಗಿ ಮಹಾನವಮಿಯ ಖಂಡೇಪೂಜೆಯಂದು ಆಯುಧಗಳ ಸಾಲಿನಲ್ಲಿ ಯಂತ್ರಗಳ ಪೂಜೆಗೂ ನಿಂತ ಹಿರಿಯ ಕೆಲಸಗಾರ ನಿಂಗಪ್ಪ ಕಾಕಾ, ಪೆಟ್ಟಿಗೆಯ ಹೊರಮೈಗೆ ಕುಂಕುಮ ಹಚ್ಚಿ ಸುಮ್ಮನಾಗಲಿಲ್ಲ. ಬಾಗಿಲು ತೆಗೆದು ರಿಲೇಗಳ ಮೇಲೆಯೇ ದಪ್ಪನೆಯ ಚೆಂಡು ಹೂವಿನ ಮಾಲೆ ಇಳಿಬಿಟ್ಟರು.

"ದೇವ್ರು ಒಳಗ ಅದಾನ, ಹೂವು ಹೊರಗ ಹಾಕಿದ್ರ ಹೆಂಗ್ರಿ?" ಎಂದರು. ನನ್ನ ಕೈಕೆಲಸಕ್ಕೆ ಮಾಲೆ ಬಿದ್ದದ್ದು ಕಂಡು ನಾನೂ ಉಬ್ಬಿಹೋದೆ.

ಪೂಜೆಯಾದ ಮೇಲೆ ಯಂತ್ರವನ್ನು ಒಂದು ಸುತ್ತು ತಿರುಗಿಸುವುದು ವಾಡಿಕೆ. ಅದಕ್ಕೆಂದು ಯಾರೋ ಮೇನ್ ಸ್ವಿಚ್ ಹಾಕಿದರು. ಫಿಟ್ಟರ್ ದಸ್ತಗೀರಸಾಬರು ಇನ್ನೂ ಯಂತ್ರಕ್ಕೆ ಮಾವಿನ ತೋರಣ ಕಟ್ಟುತ್ತಿದ್ದರು; ವರ್ಷವೂ ಅದು ಅವರದೇ ಕೆಲಸ. ಗುಂಡಿ ಒತ್ತುವವರೆಗೆ ಯಂತ್ರ ಹೊರಡದು ಎಂದು ಎಲ್ಲರಿಗೂ ಗೊತ್ತು. ಗುಂಡಿಯ ಮುಂದೆ ನಾನೇ ಕೈ ಕಟ್ಟಿಕೊಂಡು ನಿಂತಿದ್ದೆ. ಹಾಡುಹಗಲು, ಊದುಬತ್ತಿಯ ಹೊಗೆ. ಸ್ವಿಚ್ ಬಿದ್ದದ್ದೇ ತಡ, ಯಂತ್ರದ ಚಕ್ರಗಳಿಗೆ ಸುತ್ತಿದ ಚರ್ಮದ ಪಟ್ಟಾ ಒಮ್ಮೆ ನಡುಗಿ ಓಡತೊಡಗಿತು. ದಸ್ತಗೀರಸಾಬರ ತೋಳು ಒಳಗಿತ್ತು. ಅಂಗಿಯ ತೋಳು ಹರಿದು ಹೋಯಿತು, ಕೈ ಉಳಿಯಿತು. ಯಾರೋ ಮೇನ್ ಎಳೆದರು.

"ಯಾರು ಒತ್ತಿದ್ರಿ?" ಎಂದರು ಕಾಕಾ, ನನ್ನನ್ನೇ ನೋಡುತ್ತ. ಯಾರೂ ಒತ್ತಿರಲಿಲ್ಲ.

ಮೈಮೇಲೆ ಬಂದವರನ್ನು ಕೂರಿಸಿಕೊಂಡು ದೆವ್ವ ಬಿಡಿಸುವವರು ಏನು ಕೇಳುತ್ತಾರೆ? ಯಾರು ನೀನು, ಯಾವ ದಾರಿಯಿಂದ ಬಂದೆ? ಎಂಜಿನಿಯರನಿಗೂ ಬೇರೆ ಪ್ರಶ್ನೆ ಇಲ್ಲ. ಬೇವಿನ ಸೊಪ್ಪಿನ ಬದಲು ಅವನ ಕೈಯಲ್ಲಿ ಟೆಸ್ಟ್ ಲ್ಯಾಂಪ್ ಇರುತ್ತದೆ, ಅಷ್ಟೆ. ಪೆಟ್ಟಿಗೆಯ ಮುಂದೆ ಕೂತು ನೋಡಿದೆ. ಯಂತ್ರ ಹೊರಡಿಸುವ ರಿಲೇಯ ಪಟ್ಟಿ ಹೂವಿನ ಭಾರಕ್ಕೆ ಒಳಗೆ ಒತ್ತಿಕೊಂಡಿತ್ತು. ಮಾಲೆ ಎತ್ತಿದೆ, ಬಿಟ್ಟುಕೊಂಡಿತು. ಕೈ ಯಾವುದು, ಹೂವು ಯಾವುದು ಎಂಬ ಭೇದವನ್ನು ನಾನು ಅದಕ್ಕೆ ಕಲಿಸಿರಲಿಲ್ಲ.

ಇದನ್ನು ತೋರಿಸಿದರೆ ಎಲ್ಲರ ಭಯ ಹೋದೀತು ಎಂದುಕೊಂಡೆ. ಇಮ್ಮಡಿಯಾಯಿತು. ಹೂವಿಗೇ ಏಳುವ ಯಂತ್ರ ಇನ್ನು ಯಾವುದಕ್ಕೆ ಏಳಲಿಕ್ಕಿಲ್ಲ? ದಸ್ತಗೀರಸಾಬರು ಅದಕ್ಕೆ ಕೈ ಹಚ್ಚಲು ಒಲ್ಲೆ ಎಂದರು. ಅವರಿಲ್ಲದೆ ಗಿರಣಿ ನಡೆಯದು. ಫಿಟ್ಟರ್ ಒಪ್ಪದಿದ್ದರೆ ಪೆಟ್ಟಿಗೆ ಕಿತ್ತು ಹಳೆಯ ಹಿಡಿಕೆಯನ್ನೇ ಕೂರಿಸುವುದಾಗಿ ಮಾಲಕರು ಹೇಳಿದರು. ಪೆಟ್ಟಿಗೆಯ ಜೊತೆ ನಾನೂ ಹೊರಗೆ ಎಂಬುದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಬನ್ನಿ ಹಂಚಿ ಹಬ್ಬ ಮುಗಿದ ಮೇಲೆ ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟಿದೆ. ಕರೆಂಟು ಬರುವ ಮೊದಲೇ ಆ ಪಟ್ಟಿ ಒತ್ತಿಕೊಂಡಿದ್ದರೆ ಯಂತ್ರ ಏಳದಂತೆ ತಡೆಯಲು ಇನ್ನೊಂದು ರಿಲೇ ಕೂರಿಸಿದೆ. ಕಾಕಾ ಅವರಿಂದಲೇ ಮೊದಲಿನಂತೆ ಮಾಲೆ ಹಾಕಿಸಿ, ಪಟ್ಟಾದ ಸಂದಿಯಲ್ಲಿ ಕೈಯ ಬದಲು ಕೋಲು ಇಟ್ಟು ಸ್ವಿಚ್ ಹಾಕಿಸಿದೆ. ಯಂತ್ರ ಮಿಸುಕಲಿಲ್ಲ.

ದಸ್ತಗೀರಸಾಬರು ಮೇನ್ ತೆಗೆದು ಬಂದು ಕೋಲನ್ನು ಬದಿಗಿಟ್ಟರು. "ಕೋಲಿಗೆ ಹೆಂಡ್ತಿ ಮಕ್ಕಳಿಲ್ರಿ, ಸಾಹೇಬ್ರ. ನಿಮ್ಮ ಕೈ ಇಡ್ರಿ."

ನಕ್ಷೆ ಸರಿಯಿತ್ತು. ಆದರೂ ಪೆಟ್ಟಿಗೆಗೆ ಹಿಂದಿರುಗಿ ಒಂದೊಂದೇ ತಂತಿ ಎಳೆದು ನೋಡಿದೆ. ಒಂದು ಸ್ಕ್ರೂ ಸಡಿಲವಾಗಿತ್ತು. ಕೋಲು ಇಟ್ಟಾಗ ಅದು ನನಗೆ ಕಂಡಿರಲಿಲ್ಲ. ಬೇರೆಯವರ ಕೈಗೆಂದು ಬರೆಯುವ ನಕ್ಷೆಗೂ ನನ್ನ ಕೈಗೆಂದು ಓದುವ ನಕ್ಷೆಗೂ ಇಷ್ಟು ಅಂತರವಿದೆ ಎಂದು ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಸ್ಕ್ರೂ ಬಿಗಿದು ಬಂದು ಕೈ ಇಟ್ಟೆ. ಪಟ್ಟಾ ತಣ್ಣಗಿತ್ತು. ಮಾಲೆ ಹಾಗೇ ತೂಗುತ್ತಿತ್ತು. ಸ್ವಿಚ್ ಬಿತ್ತು. ಪೆಟ್ಟಿಗೆಯೊಳಗೆ ಏನೋ ಟಕ್ಕೆಂದಿತು. ನನ್ನ ಮಾತನ್ನು ಓದಿಕೊಂಡು ಅದು ವಿಚಾರ ಮಾಡುತ್ತಿದೆ ಎನ್ನಿಸಿತು. ಯಾವ ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಾದವನಲ್ಲ. ಯಂತ್ರ ಏಳಲಿಲ್ಲ.

ದಸ್ತಗೀರಸಾಬರು ಮೇನ್ ತೆಗೆದರು. ನನ್ನ ಪಕ್ಕಕ್ಕೆ ಬಂದು ಕೂತರು.

"ಇನ್ನ ಕೈ ತಗೀರಿ," ಎಂದರು. "ಗ್ರೀಸ್ ಹಾಕೂದೈತಿ."