ಒಂದೇ ನಿಂಬೆಹಣ್ಣು

ಕಣ್ಣು ತೋರಿಸಲು ಹಾಸನಕ್ಕೆ ಹೊರಟ ಅಮ್ಮ ಇವತ್ತು ನಿಂಬೆಹಣ್ಣು ಹಿಡಿದು ಕಾರಿನ ಬಾಗಿಲಲ್ಲೇ ನಿಂತಳು. ಆ ವಾಸನೆಗೇ ನನಗೆ ರೇಗಿತು.

ನಾನು ಚಿಕ್ಕವಳಿದ್ದಾಗ ಅಮ್ಮನಿಗೂ ಪಕ್ಕದ ಮನೆಯ ದೊಡ್ಡಮ್ಮನಿಗೂ, ಅಂದರೆ ಅಪ್ಪನ ಅತ್ತಿಗೆಗೂ, ಹಿತ್ತಲ ನುಗ್ಗೆಮರ ಯಾರದೆಂಬ ಜಗಳದಲ್ಲಿ ಮಾತೇ ನಿಂತಿತ್ತು. ಒಂದು ದಿನ ಇಬ್ಬರೂ ದೂರ ದೂರ ಕೂತಿದ್ದ ಬಸ್ಸು ಗೊರೂರಿನ ಹತ್ತಿರ ನಾಲೆಗೆ ಮಗುಚಿತು. ಒದ್ದೆ ಸೀರೆಯಲ್ಲಿ, ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಂಡೇ ಮನೆಗೆ ಬಂದರು. ಇನ್ನು ಜಗಳ ಮುಗಿಯಿತೆಂದು ನಾನು ಕುಣಿದಾಡಿದೆ. ಎಲ್ಲಿ ಮುಗಿಯಿತು? ಮೂರನೇ ದಿನಕ್ಕೇ ನುಗ್ಗೆಕಾಯಿಯ ಬೈಗುಳ ಮತ್ತೆ ಶುರುವಾಯಿತು. ಆದರೆ ಒಬ್ಬರಿಲ್ಲದೆ ಇನ್ನೊಬ್ಬರು ಬಸ್ಸು ಹತ್ತುವುದು ಮಾತ್ರ ನಿಂತೇಹೋಯಿತು.

ನನ್ನ ಹಲ್ಲುನೋವಿಗೂ ದೊಡ್ಡಮ್ಮ ಸೀರೆ ಉಟ್ಟು ಬರುವವರೆಗೆ ಕಾಯಬೇಕು. ನಾನು ಅತ್ತರೆ ಅಮ್ಮ, "ಆವಮ್ಮ ಬರ್ದೆ ನಾನು ಬಸ್ ಅತ್ತಾಕಿಲ್ಲ ಕಣೆ, ಸುಮ್ಕಿರು" ಎನ್ನುತ್ತಿದ್ದಳು. ಬಸ್ಸಿನಲ್ಲಿ ವಾಂತಿ ಬರದಿರಲೆಂದು ಒಂದೇ ನಿಂಬೆಹಣ್ಣನ್ನು ಇಬ್ಬರೂ ಮೂಸುತ್ತಿದ್ದರು. ಮಾತು ಮಾತ್ರ ಇಲ್ಲ.

ಇವತ್ತೂ ದೊಡ್ಡಮ್ಮನಿಗಾಗಿ ಅರ್ಧ ಗಂಟೆ ಹಾರ್ನ್ ಹೊಡೆದೆ. ನಾಲೆಯ ಸೇತುವೆ ಬಂದಾಗ ಕನ್ನಡಿಯಲ್ಲಿ ನೋಡಿದರೆ, ಇಬ್ಬರೂ ಒಂದೊಂದು ಕಿಟಕಿಗೆ ಮುಖ ತಿರುಗಿಸಿ ಕೂತಿದ್ದರು. ನಿಂಬೆಹಣ್ಣು ಕಾಲಡಿಗೆ ಉರುಳಿತ್ತು. ಹಿಡಿದ ಕೈ ಬಿಟ್ಟು ಅದನ್ನೆತ್ತಿಕೊಳ್ಳಲು ಇಬ್ಬರೂ ತಯಾರಿರಲಿಲ್ಲ.