ಅತ್ತಿ ಪೆಡಲ್ ಮ್ಯಾಲಿಂದ ಕಾಲು ತೆಗದ್ಲಂದ್ರ

ಮೊನ್ನೆ ಬ್ರೂಸ್‌ಪೇಟೆಯಾಗ ಒಂದು ಜೀನ್ಸ್ ಪ್ಯಾಂಟ್ ತಗೊಳ್ಳಾಕ ಹೋಗಿದ್ದೆ. ಅಂಗಡಿಯವ "ಫಾರಿನ್ ಐಟಂ ತಮ್ಮಾ" ಅಂದ. ಮೂಗಿಗೆ ಹಿಡದು ನೋಡಿದೆ. ಯಾವ ಫಾರಿನ್ನೂ ಅಲ್ಲ, ನಮ್ಮ ಓಣಿ. ನೀಲಿ ಬಣ್ಣದ ಘಾಟು, ಅದರಾಗ ಮಷಿನ್ ಎಣ್ಣಿ ವಾಸನಿ. ಬಳ್ಳಾರ್ಯಾಗ ಹುಟ್ಟಿದ ಮೂಗು ಈ ವಿಷಯದಾಗ ಮೋಸ ಹೋಗಂಗಿಲ್ಲ. ನಾಕು ಮಂದಿ ಗಿರಾಕಿ ಮುಂದ ಅವನ ಮಾನಾ ಕಳೀಬೇಕು ಅಂತ ಬಾಯಿ ತೆಗದೆ... ಮಾತ ಬರಲಿಲ್ಲ. ನನಗ ಮಾತು ಬರಲಿಲ್ಲ ಅಂದ್ರ ನಮ್ಮ ಕಾಲೇಜಿನ್ಯಾಗ ರಜಾ ಕೊಡ್ತಾರ, ಅಂಥಾ ಸುದ್ದಿ ಅದು. ಆ ವಾಸನ್ಯಾಗ ಪಕ್ಕದ ಮನಿ ಅತ್ತಿ ಬಂದು ನಿಂತಿದ್ಲು.

ಅತ್ತಿ ಅಂದ್ರ ರಕ್ತಸಂಬಂಧ ಅಲ್ಲ, ಗ್ವಾಡಿ ಸಂಬಂಧ. ಅವರ ಮನಿಗೂ ನಮ್ಮನಿಗೂ ನಡುವ ಒಂದ ಗ್ವಾಡಿ. ಅದು ಎಷ್ಟು ತೆಳ್ಳಗಿತ್ತಂದ್ರ, ಆಕಿ ಆ ಕಡಿ ಸೀನಿದ್ರ ನಮ್ಮಪ್ಪ ಈ ಕಡಿಂದ "ನೂರು ವರ್ಷ ಬಾಳವಾ" ಅಂತಿದ್ದ, ಆಕಿ ಆ ಕಡಿಂದ "ನಿಮ್ಮ ಬಾಯಿ ಹರಕಿ ಅಣ್ಣಾರ" ಅಂತಿದ್ಲು. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಒಂದು ಕರೆಂಟ್ ಮಷಿನ್ ಇತ್ತು, ಒಂದು ಟಿವಿ ಇತ್ತು. ಕಾಂಟ್ರಾಕ್ಟರ್ ಮೂಟಿಗಟ್ಲೆ ಜೀನ್ಸ್ ತಂದು ಒಗೀತಿದ್ದ. ಪೂರಾ ಪ್ಯಾಂಟ್ ಅಲ್ಲ, ಆಕಿ ಹೊಲಿಯೋದು ಹಿಂದಿನ ಜೇಬು ಅಷ್ಟ. ಅರ್ಧ ಕರ್ನಾಟಕ ನಮ್ಮ ಅತ್ತಿ ಹೊಲದ ಜೇಬಿನ ಮ್ಯಾಲ ಕುಂತೈತಿ ಅಂತ ನಾ ಸಾಲ್ಯಾಗ ಹೇಳ್ತಿದ್ದೆ. ಲೆಕ್ಕದ ಮೇಷ್ಟ್ರೂ ಎದ್ದು ಹಿಂದ ಮುಟ್ಟಿ ನೋಡಿಕೊಂಡಿದ್ರು.

ನಾ ಸಾಲಿ ಬಿಟ್ಟಕೂಡ್ಲೆ ಸೀದಾ ಅತ್ತಿ ಮನಿಗೆ. ಟಿವಿ ನಮ್ಮನ್ಯಾಗೂ ಇತ್ತು, ಆದ್ರ ಕಾಮಿಡಿ ಅಂದ್ರ ಅತ್ತಿ ಮನ್ಯಾಗ. ಕನ್ನಡ ಚಾನಲ್ಲಿನ ಗಂಡ-ಹೆಂಡ್ತಿ ಜಗಳದ್ದು, ತೆಲುಗು ಚಾನಲ್ಲಿನ ಸ್ಕಿಟ್ಟು, ಜಡ್ಜ್‌ಗಳು ಖುರ್ಚಿ ಮುರಿಯೋ ಹಂಗ ನಗೋದು, ಎಲ್ಲಾ ಬರ್ತಿದ್ವು. ಆದ್ರ ಅತ್ತಿ ಒಂದೂ ನೋಡ್ತಿರಲಿಲ್ಲ! ಬೆಳಕು ಬರೋದು ಕಿಟಕಿ ಕಡಿಂದ, ಅದಕ್ಕ ಮಷಿನ್ ಕಿಟಕಿಗೆ ಮುಖ ಮಾಡಿತ್ತು. ಟಿವಿ ಇದ್ದದ್ದು ಆಕಿ ಬೆನ್ನ ಹಿಂದ. ಕಣ್ಣು ಸೂಜಿ ಮ್ಯಾಲ, ಕಿವಿ ಟಿವಿ ಮ್ಯಾಲ. ನಾ ಟಿವಿ ಎದುರಿಗೆ ಕುಂತು, ಯಾರು ಬಿದ್ರು, ಯಾರು ಮುಖ ಹೆಂಗ ಮಾಡಿದ್ರು ಅಂತ ಕಾಮೆಂಟ್ರಿ ಕೊಡಬೇಕಿತ್ತು. ನಡುವ ನಡುವ ನಂದೂ ಎರಡು ಸೇರಸ್ತಿದ್ದೆ. ಬಿದ್ದವ ಒಬ್ಬ ಆದ್ರ ನಾ ಮೂರು ಮಂದೀನ ಬೀಳಸ್ತಿದ್ದೆ.

ಈಗ ಅತ್ತಿ ಕರಾಮತ್ತು ಕೇಳ್ರಿ. ಟಿವ್ಯಾಗಿನವರು ಮಾತಾಡ್ತಿರ್ತಿದ್ರು, ಮಷಿನ್ ಗರ್ರ್ ಅಂತ ಓಡ್ತಿರ್ತಿತ್ತು. ನಗು ಬರೋ ಮಾತು ಇನ್ನಾ ಬಂದಿರ್ತಿರಲಿಲ್ಲ, ಅದಕ್ಕ ಸ್ವಲ್ಪ ಮೊದಲ ಅತ್ತಿ ಪೆಡಲ್ ಮ್ಯಾಲಿಂದ ಕಾಲು ತೆಗೀತಿದ್ಲು. ಮಷಿನ್ ಗಪ್ಪ. ಆ ಗಪ್ಪಿನ್ಯಾಗ ಆ ಮಾತು ಬಂದು ಬೀಳ್ತಿತ್ತು, ಇಬ್ಬರೂ ಹೊಟ್ಟಿ ಹಿಡಕೊಂಡು ನಗ್ತಿದ್ವಿ. ಮೊದಲ ಕೇಳಿದ ಪ್ರೋಗ್ರಾಂ ಅಲ್ಲ, ಹೊಸಾದು! ಹೆಂಗ ಗೊತ್ತಾಗತೈತಿ ಅಂತ ಕೇಳಿದ್ರ, "ಬಟ್ಟಿ ಮುಗಿಯಾಕ ಬಂದದ್ದು ಬಟ್ಟಿ ನೋಡಿದ್ರ ಗೊತ್ತಾಗಂಗಿಲ್ಲಲೇ, ಕೈಗೆ ಗೊತ್ತಾಗತೈತಿ. ಇದೂ ಹಂಗ" ಅಂತಿದ್ಲು. ಒಂದೊಂದು ಸಲ ಜಡ್ಜ್ ಬಿದ್ದು ಬಿದ್ದು ನಗೋರು, ಅತ್ತಿ ಮಷಿನ್ ನಿಲ್ಲತಿರಲಿಲ್ಲ. ಆ ಸ್ಕಿಟ್ ಫೇಲ್ ಅಂತ ಅರ್ಥ. ಆ ಜಡ್ಜ್‌ಗಿಂತ ನಮ್ಮ ಜಡ್ಜ್ ಖಡಕ್.

ಗಂಡಸು ಸೀರಿ ಉಟ್ಕೊಂಡು ಬರೋ ಸ್ಕಿಟ್ ಬಂದ್ರ ಮಾತ್ರ ಆಕಿಗೆ ಸಿಟ್ಟು. "ಅವ ಸೀರಿ ಉಟ್ಟಕೂಡ್ಲೆ ಹೆಂಗ ನಗ್ತಾರ ನೋಡು! ನಾ ದಿನಾ ಉಡ್ತೀನಿ, ಒಬ್ಬನರ ನಗಲಿ?"

ಆಕಿ ಪ್ರಕಾರ ಒದರೋನು ನಗಸಂಗಿಲ್ಲ. ಬೀಳೋನೂ ನಗಸಂಗಿಲ್ಲ. "ಅವಗ ಏನರ ಬೇಕಾಗಿರಬೇಕಲೇ ಶಾಣ್ಯಾ. ಜೀವಕ್ಕಿಂತ ಹೆಚ್ಚು ಬೇಕಾಗಿರಬೇಕು. ಕೇಳಾಕ ಬಾಯಿ ಬರಬಾರದು. ಬ್ಯಾರೆ ಏನೋ ಕೇಳಬೇಕು... ಅಲ್ಲಿ ಬರತೈತಿ ನೋಡು ನಗು. ನಗೋರು ನಾವು, ಅವಗ ಗೊತ್ತ ಇರಬಾರದು." ಇದನ್ನ ನಾ ಸಾಲ್ಯಾಗ ನನ್ನ ಮಾತು ಅಂತ ಹೇಳಿ ಬಾಳ ಹೆಸರು ತಗೊಂಡೆ.

ಹಿಂಗಿರಬೇಕಾದ್ರ ಒಂದು ವರ್ಷ ನಮ್ಮನ್ಯಾಗ ಯುದ್ಧ ಆತು. ಮಿಕ್ಸಿ ಜಾರಿನ ಮುಚ್ಚಳ ಹಾರಿ, ಅಪ್ಪನ ಬಿಳಿ ಅಂಗಿಗೆ ಕೆಂಪು ಚಟ್ನಿ ಹೋಳಿ ಆಡಿತು. ಅಪ್ಪ ಅಂಗಿ ಬೈಯೋದು ಬಿಟ್ಟು ಮಿಕ್ಸಿ ಬೈದ. ಮಿಕ್ಸಿ ಅವ್ವನ ತವರಿನವರು ಕೊಟ್ಟಿದ್ದು. ಅಲ್ಲಿಂದ ಅವರ ಅಕ್ಕಿ, ಅವರ ಬುದ್ಧಿ, ಅವರ ಮುತ್ತಾತ, ಎಲ್ಲಾರೂ ಚಟ್ನಿಯೊಳಗ ಬಂದ್ರು. ಮರದಿನಾ ಅವ್ವ ಮಿಕ್ಸಿ ತೊಡಿ ಮ್ಯಾಲ ಇಟ್ಕೊಂಡು ಸಿರುಗುಪ್ಪ ಬಸ್ ಹತ್ತಿದ್ಲು. ಕಂಡಕ್ಟರ್ ಅದಕ್ಕ ಟಿಕೆಟ್ ಕೇಳಿದ್ನಂತ. ಅರ್ಧ ಟಿಕೆಟ್ ಅಂತ ನಾ ಸೇರಿಸಿ ಹೇಳ್ತೀನಿ, ನಂಬೋರು ನಂಬ್ರಿ.

ತಿಂಗಳು ಕಳೀತು, ಅವ್ವ ಬರಲಿಲ್ಲ. ನಗೋ ಮಾತಲ್ಲ ಅದು. ಆಕಿ ತಲಿದಿಂಬಿನ ವಾಸನಿ ಹೋಗಿಬಿಟ್ಟಿತ್ತು.

ಆವಾಗ ಅಪ್ಪ ಫೋನ್ ಮಾಡಾಕ ಶುರು ಮಾಡಿದ. ಗ್ವಾಡಿ ತೆಳ್ಳಗ ಅಂತ ಸಂಜಿಮುಂದ ಮಾಳಗಿ ಮ್ಯಾಲ ಹೋಗ್ತಿದ್ದ. ಹೋಗೋಕಿಂತ ಮೊದಲು ಜೇಬಿನ ಪೆನ್ ತೆಗದು, ಏನು ಕೇಳಬೇಕು ಅಂತ ಅಂಗೈ ಮ್ಯಾಲ ಬರಕೋತಿದ್ದ. ಫೋನ್ ಹಚ್ಚೂದ್ರಾಗ ಬೆವರಿಗೆ ಅದು ಅಳಿಸಿ ಹೋಗ್ತಿತ್ತು. ನಾ ಮೆಟ್ಟಿಲ ಮ್ಯಾಲ ಕುಂತು ಎರಡೂ ಕಡಿ ಮಾತು ಕೇಳ್ತಿದ್ದೆ, ಫೋನಿನ ಸೌಂಡ್ ಅಷ್ಟು ಜೋರಿತ್ತು.

"ಸಾರಿಗೆ ಉಪ್ಪು ಎಷ್ಟು?"

"ಒಂದು ಚಮಚಿ." ಟಕ್. ಫೋನ್ ಕಟ್.

ಮರದಿನಾ: "ಯಾವ ಚಮಚಿ?"

ಮತ್ತ ಮರದಿನಾ, ಜೀರಗಿ ಮೊದಲೋ ಸಾಸಿವಿ ಮೊದಲೋ. ನಿಮಗ ಒಂದು ಮಾತು ಹೇಳಬೇಕು, ನಮ್ಮಪ್ಪಗ ಅಡಗಿ ಬರತಿತ್ತು! ಕುಡತಿನಿ ಕಡಿ ಕೆಲಸಕ್ಕಿದ್ದಾಗ ರೂಮಿನ್ಯಾಗ ನಾಕು ಮಂದಿಗೆ ಮಾಡಿ ಹಾಕ್ತಿದ್ದ. ಅವ್ವಗೂ ಅದು ಗೊತ್ತಿತ್ತು. ಗೊತ್ತಿದ್ದೂ ಉತ್ತರ ಕೊಡ್ತಿದ್ಲು. ಟಕ್ ಅನ್ನೋದು ದಿನಾ ಸ್ವಲ್ಪ ತಡಾ ಆಗಾಕ ಹತ್ತಿತು...

ಒಂದಿನಾ ಅಪ್ಪಗ ಕೇಳಾಕ ಏನೂ ಉಳಿದಿರಲಿಲ್ಲ. ಅಂಗೈ ನೋಡಿಕೊಂಡ, ಅಲ್ಲೂ ಏನಿಲ್ಲ. ಕಡೀಕ, "ನೀರು ಕುದೀತು ಅಂತ ಹೆಂಗ ಗೊತ್ತಾಗತೈತಿ?" ಅಂದ.

ಆ ಕಡಿ ಟಕ್ ಅನ್ನಲಿಲ್ಲ. ಅವ್ವ ನಕ್ಕಳು. ಮೆಟ್ಟಿಲ ತನಕ ಕೇಳಿಸ್ತು. "ದೀಪಾವಳಿಗೆ ಬಂದು ನಾನ ತೋರಸ್ತೀನಿ ಬಿಡ್ರಿ. ಅಲ್ಲೀತನಾ ಹಾಲು ಕುಡದು ಇರ್ರಿ."

ಫೋನ್ ಇಟ್ಟ ಅಪ್ಪ ಟವೆಲ್ಲಿನ್ಯಾಗ ಮುಖ ಮುಚ್ಚಿಕೊಂಡು ಕುಂತ. ಹೆಗಲು ಅಲುಗ್ತಿದ್ವು. ನಗಾಕತ್ಯಾನ ಅಂದ್ಕೊಂಡು ಹತ್ರ ಹೋದೆ. ನಗು ಅಲ್ಲ ಅದು.

ಮರದಿನಾ ಎಲ್ಲಾ ಅತ್ತಿಗೆ ಹೇಳಿದೆ. ಮತ್ಯಾರಿಗೆ ಹೇಳಲಿ? "ಯಾರ ಮುಂದೂ ಹೇಳಬ್ಯಾಡ ಅತ್ತಿ" ಅಂದೆ. "ನನ್ನ ಬಾಯಿಗೆ ಡಬಲ್ ಹೊಲಿಗಿ ಹಾಕೀನಿ, ಹೇಳು" ಅಂದ್ಲು. ಹೇಳಕೋತ ನೀರು ಕುದಿಯೋ ಮಾತಿನ ಹತ್ರ ಬಂದೆ... ಅತ್ತಿ ಪೆಡಲ್ ಮ್ಯಾಲಿಂದ ಕಾಲು ತೆಗದ್ಲು. ಮಷಿನ್ ಗಪ್ಪ ಆತು. ನನ್ನ ಸಂಕಟಕ್ಕ ಕೆಲಸಾನ ನಿಲ್ಲಿಸಿದ್ಲಲ್ಲ ಅಂತ ನನಗ ಕಣ್ಣಾಗ ನೀರು ಬಂತು.

"ಪಾಪ..." ಅಂದ್ಲು. ಆಮ್ಯಾಲ, "ಟವೆಲ್ ಯಾವ ಹೆಗಲ ಮ್ಯಾಲ ಇತ್ತು?" ಅಂತ ಕೇಳಿದ್ಲು. "ಪೆನ್ನು ನೀಲೀದೋ ಕೆಂಪೋ?"

ಎಷ್ಟು ಜೀವ ನಮ್ಮ ಮ್ಯಾಲ, ಅಂದ್ಕೊಂಡೆ.

ಸ್ವಲ್ಪ ದಿನಕ್ಕ ಒಂದು ಟಿವಿ ಚಾನಲ್ಲಿನವರು ಕಾಮಿಡಿ ಸ್ಪರ್ಧಿಗೆ ಮಂದಿ ಆರಿಸಾಕ ಬಳ್ಳಾರಿಗೆ ಬಂದ್ರು. ಅತ್ತಿ ಹೋದ್ಲು. ಆರಿಸಿ ಬಂದ್ಲು. ಓಣಿ ಓಣೀನ ಹುಚ್ಚೆದ್ದು ಹೋತು. ಶೂಟಿಂಗ್‌ಗೆ ಹೋಗಾಕ ಎದುರುಮನಿ ಅಜ್ಜಿ ಸೂಟ್‌ಕೇಸ್ ಕೊಟ್ಲು. ಅಪ್ಪ ಸ್ಟೇಷನ್ ತನಕ ಹೊತಗೊಂಡು ಹೋಗಿ ಬಿಟ್ಟು ಬಂದ. ಏನು ಆಡ್ತೀ ಅಂತ ಕೇಳಿದ್ರ, "ಟಿವ್ಯಾಗ ನೋಡಲೇ" ಅಂತ ಕೆನ್ನಿ ಹಿಂಡಿದ್ಲು.

ಪ್ರೋಗ್ರಾಂ ಬಂದದ್ದು ದೀಪಾವಳಿಗೆ ಮುಂಚಿನ ಐತವಾರ ಸಂಜಿಗೆ. ಓಣ್ಯಾಗ ನಮ್ಮ ಟಿವೀನ ದೊಡ್ಡದು, ಅದಕ್ಕ ಎಲ್ಲಾರೂ ನಮ್ಮನಿಗೆ ಬಂದು ಕುಂತ್ರು. ಅಪ್ಪ ಮಿರ್ಚಿ ಕರದು, ಮಂಡಕ್ಕಿ ಒಗ್ಗರಣಿ ಹಾಕಿ ಎಲ್ಲಾರಿಗೂ ಕೊಟ್ಟ. "ನಮ್ಮ ತಂಗಿ ಬರ್ತಾಳ, ಸೌಂಡ್ ಜೋರು ಇಡ್ರಿ" ಅಂದ.

ಅತ್ತಿ ಇನ್ನಾ ಊರಿಗೆ ಬಂದಿರಲಿಲ್ಲ, ಟಿವ್ಯಾಗ ಬಂದ್ಲು. ಬಿಳಿ ಅಂಗಿ, ಎಡಹೆಗಲಿಗೆ ಟವೆಲ್ಲು, ಬರದ ಮೀಸಿ. ಗಂಡಸಿನ ವೇಷ! ಮೊದಲು ನಕ್ಕವ ಅಪ್ಪಾನ. ಎದುರುಮನಿ ಅಜ್ಜಿ, "ಅಯ್ಯ, ಇದೇನವ್ವಾ, ಥೇಟ್ ಈತನಂಗ ಕಾಣ್ತಾಳ!" ಅಂತ ಅಪ್ಪನ ಕಡಿ ಬಟ್ಟು ಮಾಡಿದ್ಲು. ಎಲ್ಲಾರೂ ಹೋ ಅಂತ ನಕ್ರು. ಅಪ್ಪಾನೂ ನಕ್ಕ.

ಆಮ್ಯಾಲ ಅತ್ತಿ ಜೇಬಿನಿಂದ ನೀಲಿ ಪೆನ್ ತೆಗದು, ಅಂಗೈ ಮ್ಯಾಲ ಬರಿಯಾಕ ಹತ್ತಿದ್ಲು.

ಅಪ್ಪನ ನಗು ಎಲ್ಲಿ ನಿಂತಿತು ಅಂತ ನಾ ನೋಡಿದೆ. ಬಾಯಿ ಹಂಗ ತೆರದಿತ್ತು, ನಗು ಹೋಗಿತ್ತು. ಟಿವ್ಯಾಗ "ಉಪ್ಪು ಎಷ್ಟು?" "ಯಾವ ಚಮಚಿ?" ಅಂತ ನಡದಿತ್ತು. ಜಡ್ಜ್ ಮೇಜು ಗುದ್ದಿ ನಗ್ತಿದ್ದ. ನೀರು ಕುದಿಯೋ ಮಾತಿಗಿಂತ ಮೊದಲು ಅತ್ತಿ ಸುಮ್ಕ ನಿಂತ್ಲು, ಬಾಳ ಹೊತ್ತು... ಆ ಗಪ್ಪು ನನಗ ಗೊತ್ತಿತ್ತು. ಅವತ್ತ ಮಷಿನ್ ಯಾಕ ನಿಂತಿತ್ತು ಅನ್ನೋದು ನನಗ ಆವಾಗ ತಿಳೀತು. ಕಡೀಕ ಟವೆಲ್ಲಿನ್ಯಾಗ ಮುಖ ಮುಚ್ಚಿಕೊಂಡು ಹೆಗಲು ಅಲುಗಿಸಿದ್ಲು. ಜಡ್ಜ್ ಎದ್ದು ನಿಂತು ಚಪ್ಪಾಳಿ ಹೊಡದ.

ನಮ್ಮ ಪಡಸಾಲ್ಯಾಗ ಯಾರೂ ಹೊಡೀಲಿಲ್ಲ. ಒಬ್ಬೊಬ್ಬರಾಗಿ ಅಪ್ಪನ ಕಡಿ ನೋಡಿದ್ರು. ಅಪ್ಪ ನನ್ನ ಕಡಿ ನೋಡಿದ. ಬೈಯಲಿಲ್ಲ. "ಚೊಲೋ ಮಾಡ್ಯಾಳ" ಅಂದ. "ಮಿರ್ಚಿ ಆರತಾವ, ತಿನ್ರಿ." ಅಂದು ಒಳಗ ಹೋದ.

ಮರದಿನದಿಂದ ಓಣ್ಯಾಗ "ಅಣ್ಣಾರ, ನೀರು ಕುದೀತೇನು?" ಹಾಲಿನವ ಕೇಳಿದ, ಕಟಿಂಗ್ ಅಂಗಡಿಯವ ಕೇಳಿದ, ಸಣ್ಣ ಸಣ್ಣ ಹುಡುಗ್ರೂ ಕೇಳಿದ್ವು. ಅಪ್ಪ ಮಾಳಗಿ ಹತ್ತೋದು ಬಿಟ್ಟ. ಸಿರುಗುಪ್ಪದಾಗ ಅವ್ವನೂ ನೋಡಿದ್ಲು, ಅಣ್ಣ-ತಮ್ಮರ ನಡುವ ಕುಂತು ನೋಡಿದ್ಲು. ನನಗ ಫೋನ್ ಮಾಡಿದ್ಲು.

"ದಿನಾ ಫೋನ್ ಮಾಡಿ ಕೇಳ್ತಿದ್ದದ್ದು ಇದಕ್ಕೇನು? ಆಕಿಗೆ ನಾಟಕ ಬರಕೊಡಾಕ?"

"ಇಲ್ಲಬೇ, ಅತ್ತಿಗೆ ನಾ ಹೇಳಿದ್ದು. ಅಪ್ಪಗ ಗೊತ್ತ ಇಲ್ಲ."

"ನಿಮ್ಮಪ್ಪ ಹೇಳಿಕೊಟ್ಟದ್ದು ಹೇಳಬ್ಯಾಡ. ಟಿವ್ಯಾಗ ನನ್ನ ನಗೂನೂ ಆಡಿ ತೋರಿಸ್ಯಾಳ. ನಾ ನಕ್ಕದ್ದು ನಿಮ್ಮಪ್ಪಗ ಒಬ್ಬಗ..." ಅಂದ್ಲು. ಟಕ್.

ದೀಪಾವಳಿಗೆ ಅವ್ವ ಬರಲಿಲ್ಲ.

ಅತ್ತಿ ಬಂದ್ಲು, ಕೈಯಾಗ ಸ್ವೀಟ್ ಬಾಕ್ಸ್ ಹಿಡಕೊಂಡು. ನಾ ಬಾಗಲದಾಗ ಅಡ್ಡ ನಿಂತೆ.

"ಯಾಕ ಹಿಂಗ ಮಾಡಿದಿ ಅತ್ತಿ?"

"ಹೆಸರು ಹೇಳೀನೇನಲೇ? ಇದು ಎಲ್ಲಾರ ಮನ್ಯಾಗೂ ಇರೋದ."

"ಯಾರ ಮುಂದೂ ಹೇಳಂಗಿಲ್ಲ ಅಂದಿದ್ದಿ."

ಬಾಕ್ಸ್ ಕೆಳಗ ಇಟ್ಲು. ಬೈತಾಳ ಅಂದ್ಕೊಂಡೆ. ಮೆತ್ತಗ ಕೇಳಿದ್ಲು: "ಜನ್ಮ ಪೂರ್ತಿ ಟಿವಿಗೆ ಬೆನ್ನು ಮಾಡಿ ಜೇಬು ಹೊಲದೀನಿ. ಒಂದು ಸಲ ಜೀವ ಇದ್ದದ್ದು ಒಂದು ಸಿಕ್ಕಿತು, ಬಿಡಾಕ ಆಗಲಿಲ್ಲ. ಖರೇ ಹೇಳು, ನಿನಗ ನಗು ಬರಲಿಲ್ಲೇನು?"

ಇದ ನನಗ ಇವತ್ತಿಗೂ ಮುಳ್ಳು. ಬಂದಿತ್ತು. "ಯಾವ ಚಮಚಿ" ಅಂದಾಗ ತಡಿಯಾಕ ಆಗದ ನಕ್ಕಿದ್ದೆ, ಅಪ್ಪನ ಪಕ್ಕದಾಗ ಕುಂತು. ಆಕಿ ಆಡಿದ್ದು ಅಷ್ಟು ಚೊಲೋ ಇತ್ತು. ಕೆಟ್ಟದ್ದಾಗಿ ಆಡಿದ್ರ ಬೈದು ಮರೀತಿದ್ನೇನೋ... ನಾ ಬಾಗಲಾ ಹಾಕ್ಕೊಂಡೆ.

ಅತ್ತಿ ಓಣಿ ಬಿಟ್ಟು ಹೋದ್ಲು. ಆ ಸ್ಕಿಟ್ಟಿನಿಂದ ಬ್ಯಾರೆ ಪ್ರೋಗ್ರಾಂ ಸಿಕ್ಕವು ಅಂತ ಮಂದಿ ಹೇಳಿದ್ರು. ಮಷಿನ್ ಮಾರಿ ಹೋದ್ಲು. ನಾ ಮಾಳಗಿ ಮ್ಯಾಲಿಂದ ಕೆಳಗ ಇಳೀಲಿಲ್ಲ.

ಅವ್ವ ಬಂದದ್ದು ಮುಂದಿನ ವರ್ಷ. ಕುರುಗೋಡಿಂದ ದೊಡ್ಡಪ್ಪ ಬಂದು, ಸಿರುಗುಪ್ಪದ ಮಾವಂದಿರ್ನ ಕುಂದ್ರಿಸಿ, ಎರಡೂ ಕಡಿ ಹಿರೇರು ಸೇರಿ ಮಾತಾಡಿ ಕರಕೊಂಡು ಬಂದ್ರು. ಬಂದ್ಲು, ಖುಷಿ ಆತು. ಆದ್ರ ಅಪ್ಪ ಕರದದ್ದಕ್ಕ ಬರಬೇಕಾಗಿತ್ತು, ಹಿರೇರು ಹೇಳಿದ್ದಕ್ಕ ಬಂದ್ಲು. ಈಗ ಇಬ್ಬರೂ ಚೊಲೋ ಅದಾರ. ಜಗಳ ಇಲ್ಲ. ಒಬ್ಬರಿಗೊಬ್ಬರು ಏನೂ ಕೇಳಂಗೂ ಇಲ್ಲ. ಸಾರಿಗೆ ಉಪ್ಪು ಕಡಿಮಿ ಆದ್ರ ಅಪ್ಪ ಸುಮ್ಕ ಉಣ್ತಾನ.

ಇಷ್ಟೆಲ್ಲಾ ನಿಮಗ ಹೇಳಿದೆ, ಯಾಕಂದ್ರ ಇದು ಹೆಂಗೂ ಊರಿಗೆಲ್ಲಾ ಗೊತ್ತಿರೋ ಸುದ್ದಿ. ಈಗೂ ಯಾರರ ಫೋನಿನ್ಯಾಗ ಬರತೈತಿ, ಗೆಳ್ಯಾರು "ನೋಡಲೇ, ಸೂಪರ್ ಐತಿ" ಅಂತ ನನಗ ತೋರಸ್ತಾರ. ನಾ "ಹೂಂ, ಸೂಪರ್" ಅಂತೀನಿ.

ಹೋದ ವಾರ ನಮ್ಮನ್ಯಾಗ ಒಂದು ಸಂಗತಿ ನಡೀತು. ಅಪ್ಪ, ಅವ್ವ, ಒಂದು ಹಲ್ಲಿ. ಎಷ್ಟೋ ವರ್ಷದ ಮ್ಯಾಲ ಇಬ್ಬರೂ ಕೂಡಿ ಒಂದ ಸಲ ನಕ್ಕರು. ಅಪ್ಪ ಆಡಿದ ಒಂದು ಮಾತೈತಲ್ಲ, ಅದನ್ನ ಕೇಳಿದ್ರ ನೀವು ಬಿದ್ದು ಬಿದ್ದು ನಗ್ತಿದ್ರಿ, ಫಸ್ಟ್ ಕ್ಲಾಸ್ ಐಟಂ. ಕೇಳಿದಕೂಡ್ಲೆ ನಾ ಚಪ್ಲಿ ಹಾಕ್ಕೊಂಡು ಹೊರಗ ಓಡಿ, ಪಕ್ಕದ ಮನಿ ಬಾಗಲಾ ಬಡೀಬೇಕು ಅಂತ ಕೈ ಎತ್ತಿದ್ದೆ... ಹೊಸಾ ಬಾಡಗಿಯವರು ಒಳಗಿಂದ "ಯಾರದು?" ಅಂದ್ರು.

"ಯಾರಿಲ್ರಿ" ಅಂದೆ. ತಿರುಗಿ ಬಂದೆ.

ಏನು ನಡೀತು ಅಂತ ನಿಮಗೂ ಹೇಳಂಗಿಲ್ಲ.