ಆಯಿ ಕಡಲ ದಂಡೆಯಲ್ಲಿ ಉಳಿದ ಬೇಸಿಗೆ

ಒಣಮೀನಿನ ವಾಸನೆ ವರಾಂಡಕ್ಕೆ ಬಂದದ್ದೇ ತಡ, ರಿಸಾರ್ಟಿನ ಮ್ಯಾನೇಜರ್ ಓಡಿಬಂದು ಕ್ಷಮೆ ಕೇಳಿದ. ಪಕ್ಕದ ಕೇರಿಯವರು ಮೀನು ಹರವಿದ್ದಾರೆ, ಗಾಳಿ ಇತ್ತ ತಿರುಗಿದೆ, ಊದುಬತ್ತಿ ಹಚ್ಚಿಸುತ್ತೇನೆ ಎಂದ. ಬೇಡ ಎಂದೆ. ನನ್ನ ಜೊತೆ ಬಂದಿದ್ದ ಬ್ಯಾಂಕಿನ ಸಹೋದ್ಯೋಗಿಗಳು ಮೂಗು ಮುಚ್ಚಿಕೊಂಡು ಕೂತಿದ್ದರು. ಅಂಕೋಲೆಯ ಕಡಲಿಗೆ ಬೆನ್ನು ಕೊಟ್ಟು ಫೋನಿನ ಮುಂದೆ ಹಲ್ಲು ಕಿಸಿಯುವಾಗ ಮಾತ್ರ ಕೈ ತೆಗೆಯುತ್ತಿದ್ದರು. ಬೆಳಗಿನಿಂದ ಊರೂರು ಸುತ್ತಿ, ಒಂದರ ಹೆಸರೂ ನೆನಪಿಲ್ಲದೆ ಮರಳಿ, ಊಟದ ಪನೀರು ಮೆತ್ತಗಿಲ್ಲವೆಂದು ಜಗಳ ತೆಗೆಯುವ ಮಂದಿ. ಇಷ್ಟೊಂದು ತಿರಸ್ಕಾರ ನನಗೆ ಎಲ್ಲಿಂದ ಬಂತೆಂದು ಹುಡುಕಬೇಕಾಗಿಲ್ಲ. ಅದು ಜಮಖಂಡಿಯ ನಮ್ಮ ಮುತ್ಯಾನ ನಾಲಿಗೆ. ಪಾಲಾಗುವಾಗ ಹೊಲ ಮನೆ ಕಾಕಾಗಳಿಗೆ ಹೋದವು, ನನ್ನ ಅಜ್ಜನ ನಾಲಿಗೆ ನನಗೆ ಬಂತು.

ಮುತ್ಯಾ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಲೋಕವನ್ನೆಲ್ಲ ಜರೆಯುತ್ತಿದ್ದ. ಬೀಗರು ತಂದ ಸೀರೆ ಅವನ ಕಣ್ಣಿಗೆ ಗಾಳಿ ಸೋಸುವ ಜಾಳಿಗೆ, ಮುಧೋಳದವರು ಮೆರೆಸುವ ಬೇಟೆನಾಯಿ ಹಸಿದ ಆಡು, ಬೀಳಗಿಯ ಕಡೆಯ ಕಬ್ಬು ಹಲ್ಲುಜ್ಜುವ ಕಡ್ಡಿ. ಹೊತ್ತುಹೊತ್ತಿಗೆ ಆಯಿಯ ಅಡುಗೆಗೂ ಒಂದೊಂದು ಮಾತು ಸಿದ್ಧವಿರುತ್ತಿತ್ತು. ಆಯಿ, ಎಂದರೆ ನನ್ನ ಅಜ್ಜಿ, ಮದುವೆಯಾಗಿ ಬಂದಾಗಿನಿಂದ ಅದನ್ನು ಕೇಳುತ್ತ ಬಡಿಸುತ್ತಿದ್ದಳು. ಅವಳಿಗೆ ಉಬ್ಬಸ ಹೆಚ್ಚಾದ ವರ್ಷ ಡಾಕ್ಟರು ಕಡಲಗಾಳಿ ಒಳ್ಳೆಯದೆಂದರು. ಬೇಸಿಗೆಯಲ್ಲಿ ನಾವು ಕಾಕಾನ ಜೀಪು ಹತ್ತಿ ಅಂಕೋಲೆಯ ದಂಡೆಗೆ ಬಂದು, ಸಾವಿತ್ರಕ್ಕ ಎಂಬ ಮೀನುಗಾರ ಹೆಂಗಸಿನ ಹೆಂಚಿನ ಮನೆಯಲ್ಲಿ ಎರಡು ಕೋಣೆ ಹಿಡಿದೆವು.

ಅಲ್ಲಿಂದ ದಿನಾ ಜೀಪಿನ ಸವಾರಿ. ಗೋಕರ್ಣಕ್ಕೆ ಹೋದರೆ ಓಣಿ ಇಕ್ಕಟ್ಟು, ಯಾಣದ ಕರಿಬಂಡೆ ಸುಟ್ಟ ಬಣವಿ, ಮಿರ್ಜಾನದ ಕೋಟೆ ನಮ್ಮ ದನದ ಕೊಟ್ಟಿಗೆಗಿಂತ ಗಿಡ್ಡ. ಆಯಿ ಇಳಿದು ಎರಡು ಹೆಜ್ಜೆ ಇಡುವಷ್ಟರಲ್ಲಿ ಮುತ್ಯಾ, "ನೋಡಿದ್ದ ಆತು, ನಡೀರಿ" ಅನ್ನುತ್ತಿದ್ದ. ಕಡಲಿಗೂ ಅವನು ಸೊಪ್ಪು ಹಾಕಲಿಲ್ಲ. ಚಿಕ್ಕಪಡಸಲಗಿಯಲ್ಲಿ ರೈತರೇ ಸೇರಿ ಒಡ್ಡು ಕಟ್ಟಿದಾಗ ಅವನೂ ಕಲ್ಲು ಹೊತ್ತಿದ್ದ. "ಕೃಷ್ಣಾ ಹೊಳಿನ್ನ ನಿಲ್ಲಿಸಿದ ಮಂದಿ ನಾವು. ಒಂದ ಎಕರೆ ಕಬ್ಬಿಗೆ ಆಗದ ಈ ನೀರಿಗೆ ಏನ್ ಕೈ ಮುಗಿಯೂದು?" ಎಂದು ಬೆನ್ನು ತಿರುಗಿಸಿದ.

ಊರಿಗೆ ಹೊರಡುವ ಬೆಳಿಗ್ಗೆ ಗಂಟು ಜೀಪಿಗೇರಿತ್ತು. ಆಯಿ ಮಾತ್ರ ಕಟ್ಟೆಯಿಂದ ಏಳಲಿಲ್ಲ.

"ನಾ ಬರೂದಿಲ್ರಿ. ನಾ ಇನ್ನೂ ಏನೂ ನೋಡಿಲ್ಲ."

"ಇಷ್ಟ ದಿನ ತಿರಗಿ ಏನೂ ನೋಡಿಲ್ಲಂತ," ಎಂದ ಮುತ್ಯಾ ಕಾಕಾನ ಕಡೆ ತಿರುಗಿ.

"ನೀವು ನೋಡಿದ್ರಿ. ನಾ ಬರೇ ಕೇಳಿದ್ನಿ."

ಅವಳು ಒಲ್ಲೆನೆಂದದ್ದನ್ನು ನಮ್ಮ ಮನೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಸಾವಿತ್ರಕ್ಕ ಬಾಗಿಲಲ್ಲಿ ನಿಂತು, "ಇರಲಿ ಬಿಡಿ, ಕೋಣೆ ಖಾಲಿಯೇ ಅದೆ" ಎಂದಳು. ಮುತ್ಯಾ ನಕ್ಕ. "ಎರಡ ದಿನದಾಗ ಅಳಕೋತ ಬರ್ತಾಳ" ಎಂದು ಜೀಪು ಹತ್ತಿದ. ಶಾಲೆಗೆ ಸೂಟಿಯಿದ್ದ ನಾನು ಆಯಿಗೆ ಜೊತೆಯಾಗಿ ಉಳಿದೆ.

ಅವಳು ಅಳಲಿಲ್ಲ. ನಾವಿಬ್ಬರೂ ಬಸ್ಸು ಹಿಡಿದು ನೋಡಿದ ಊರುಗಳಿಗೇ ಮತ್ತೆ ಹೋದೆವು. ಮಿರ್ಜಾನದಲ್ಲಿ ಆಯಿ ಕೋಟೆಯ ಪಾಚಿಗಟ್ಟಿದ ಕಲ್ಲನ್ನು ಎಮ್ಮೆಯ ಮೈ ಸವರುವಂತೆ ಸವರಿ, "ಹಿಂಗ ಐತೇನ ಇದು" ಎಂದು ಹುಲ್ಲಿನ ಮೇಲೆ ಮಧ್ಯಾಹ್ನವೆಲ್ಲ ಕೂತಳು. ಗೋಕರ್ಣದ ಇಕ್ಕಟ್ಟು ಓಣಿಯಲ್ಲಿ ಪ್ರತಿ ಮನೆಯ ಬಾಗಿಲಿಗೂ ನಿಂತು ಮಾತಾಡಿಸಿದಳು. ಹೊಳೆ ಕಡಲು ಸೇರುವಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲತನಕ ನೀರಿಗಿಳಿದು, ಏದುಸಿರು ಬಿಡುತ್ತಲೇ ನಕ್ಕಳು. ಲಿಂಗ ಕಟ್ಟಿದ ಹೆಂಗಸು. ಮೊದಲ ದಿನ ಮೀನಿನ ವಾಸನೆಗೆ ಉಂಡಿರಲಿಲ್ಲ. ಈಗ ಸಾವಿತ್ರಕ್ಕ ಮರಳ ಮೇಲೆ ಮೀನು ಹರವಿದರೆ ಪಕ್ಕದಲ್ಲಿ ಕೋಲು ಹಿಡಿದು ಕೂರುತ್ತಿದ್ದಳು. "ನಾ ತಿನ್ನೂದಿಲ್ಲ ಖರೆ. ಆದ್ರ ಕಾಗಿಗೆ ಯಾಕ ಬಿಡಬೇಕು?" ಅನ್ನುತ್ತಿದ್ದಳು.

ಸೂಟಿ ಮುಗಿಯುವ ಹೊತ್ತಿಗೆ ಮುತ್ಯಾ ಒಬ್ಬನೇ ಬಸ್ಸಿನಲ್ಲಿ ಬಂದ. ಧೋತರದ ತುಂಬ ಧೂಳು. ಸಾವಿತ್ರಕ್ಕ ಕೊಟ್ಟ ನೀರು ಕುಡಿದು ಕಟ್ಟೆಯ ಮೇಲೆ ಆಯಿಯಿಂದ ದೂರ ಕೂತ.

"ಅಂಥಾದ್ ಏನ್ ಐತಿ ಇಲ್ಲಿ?" ಎಂದು ಕೇಳಿದ.

"ನೀವು ಇರಲಿಲ್ಲಲ್ರಿ," ಎಂದಳು ಆಯಿ.

ದನಿಯಲ್ಲಿ ಸಿಟ್ಟಿರಲಿಲ್ಲ. ಕೊಡದಲ್ಲಿ ನೀರಿಲ್ಲ ಎನ್ನುವ ಹಾಗೆ ಹೇಳಿದಳು. ಮುತ್ಯಾ ಅವಳನ್ನು ನೋಡಿದ, ಆಮೇಲೆ ಕಡಲನ್ನು ನೋಡಿದ. ಏನೋ ಒಂದು ಕುಟುಕು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಸ್ವಲ್ಪ ಹೊತ್ತಿಗೆ ಆಯಿಯೇ ಎದ್ದು, "ಹುಡಗಿ ಸಾಲಿ ಸುರು ಆಗ್ತೈತಿ" ಎಂದು ಸೀರೆ ಮಡಚತೊಡಗಿದಳು.

ಊರಿಗೆ ಮರಳಿದ ಮೇಲೆ ಮುತ್ಯಾ ಯಾವುದನ್ನೂ ಜರೆಯಲಿಲ್ಲ. ಮುದುಕನಿಗೆ ಬುದ್ಧಿ ಬಂತೆಂದು ಕಾಕಾಗಳು ಹಿಗ್ಗಿದರು. ಮುತ್ಯಾ ಸತ್ತ ಮೇಲೆ ಅದೇ ಪಡಸಾಲೆ ಕೆಡವಿ, ಗಾಜಿನ ಅಂಗಡಿ ಎಬ್ಬಿಸಿ, ಅದಕ್ಕೆ ಅವನ ಹೆಸರೇ ಇಟ್ಟ ಶೂರರು ಅವರು. ಅವರ ಹಿಗ್ಗಿನ ಬೆಲೆ ಅಷ್ಟೆ. ಪಡಸಾಲೆಗೆ ಬರುವವರು ಕಡಿಮೆಯಾದರು. ತಮ್ಮ ನೆರೆಯವರನ್ನು ಮುತ್ಯಾ ಜರೆಯುವುದನ್ನು ಕೇಳಲಿಕ್ಕೇ ಅವರೆಲ್ಲ ಬರುತ್ತಿದ್ದರೆಂದು ಆಗ ತಿಳಿಯಿತು. ಮನೆಯಲ್ಲಿ ಗಡಿಯಾರದ ಸಪ್ಪಳ ಕೇಳತೊಡಗಿತು.

ಒಂದು ಸಂಜೆ ನಾನು ಒಲೆಯ ಹತ್ತಿರ ಕೂತಿದ್ದೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಡಿದರೂ ಆಯಿ ಅದನ್ನು ತಿರುವಿಹಾಕಲಿಲ್ಲ. ನೋಡುತ್ತಲೇ ಇದ್ದಳು. ಆಮೇಲೆ ಅದನ್ನೇ ಮುತ್ಯಾನ ತಾಟಿಗೆ ಹಾಕಿ ಎದುರಿಗೆ ಕೂತಳು. ಮುತ್ಯಾ ಮುರಿದು ಬಾಯಿಗಿಟ್ಟ.

"ಹೆಂಗ ಆಗೇತ್ರಿ?"

"ಛಲೋ ಆಗೇತಿ."

"ಖರೇ ಹೇಳ್ರಿ. ಹೊತ್ತಿಲ್ಲೇನು?"

"ಇಲ್ಲ. ಛಲೋ ಐತಿ," ಎಂದು ಮುತ್ಯಾ ಕರಕು ಚೂರನ್ನೂ ಬಿಡದೆ ತಿಂದು, ಕೈ ತೊಳೆಯಲು ಎದ್ದುಹೋದ. ಆಯಿ ಆ ಖಾಲಿ ತಾಟಿನ ಮುಂದೆ ಬಹಳ ಹೊತ್ತು ಕೂತೇ ಇದ್ದಳು.